ಭೂಮಧ್ಯರೇಖೆಯ ಹಿಮ: ಕೆನ್ಯಾ ಪರ್ವತದಲ್ಲಿ ಕಲಿತ ಪಾಠ

ನಮ್ಮ ಶಾಲೆಯು ಐವತ್ತು ವರ್ಷಗಳನ್ನು ಪೂರೈಸುತ್ತಿರುವ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಶಾಲೆಯ ಇತಿಹಾಸವನ್ನು ಬರೆಯಲು ನನಗಿಂತ ಯೋಗ್ಯರು ಹಲವರಿದ್ದಾರೆಂದು ವಿನಂತಿಸಿಕೊಂಡೆ. ಇಲ್ಲಿಯ ಹಳೆಯ ವಿದ್ಯಾರ್ಥಿಯಾಗಿ, ಬಳಿಕ ಕಾಸರಗೋಡು ಜಿಲ್ಲೆಯ ಶಾಲೆಗಳಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನಾಗಿ ನಾನು ಬರೆಯಬಹುದಾದದ್ದು ಒಂದು ಪಾಠದ ವೃತ್ತಾಂತವನ್ನು ಮಾತ್ರ. ಆ ಪಾಠ ಈ ಶಾಲೆಯಲ್ಲಿ ಆರಂಭವಾಗಿ, ನಲುವತ್ತು ವರ್ಷಗಳ ಬಳಿಕ ಆಫ್ರಿಕಾದ ಒಂದು ಪರ್ವತದ ಮೇಲೆ ಮುಂದುವರಿಯಿತು.

1979ನೆಯ ಇಸವಿಯ ಮಳೆಗಾಲ. ಆಗ ಈಗಿನ ತಾರಸಿ ಕಟ್ಟಡವಿರಲಿಲ್ಲ. ನಮ್ಮ ಎಂಟನೆಯ ತರಗತಿ ನಡೆಯುತ್ತಿದ್ದುದು ಮುಳಿಹುಲ್ಲಿನ ಮಾಡಿನ ಕೆಳಗೆ. ಭೂಗೋಳದ ಮಾಷ್ಟ್ರು ಕರಿಹಲಗೆಯ ಮೇಲೆ ಪುಸ್ತಕ ನೋಡದೆಯೇ ಆಫ್ರಿಕಾ ಖಂಡದ ನಕ್ಷೆಯನ್ನು ಬಿಡಿಸಿ, ನಡುವೆ ಒಂದು ಅಡ್ಡಗೆರೆಯನ್ನೆಳೆದು ‘ಭೂಮಧ್ಯರೇಖೆ’ ಎಂದು ಬರೆದರು. ಗೆರೆಯ ಬಲಭಾಗದಲ್ಲಿ, ಅದಕ್ಕೆ ತಾಗುವಂತೆ, ಸೀಮೆಸುಣ್ಣದಿಂದ ಒಂದು ಚುಕ್ಕೆ ಇಟ್ಟು, “ಇಲ್ಲಿ ವರ್ಷವಿಡೀ ಹಿಮ ಇದೆ” ಎಂದರು. ತರಗತಿಯೇ ನಕ್ಕಿತು. ಭೂಮಧ್ಯರೇಖೆಯೆಂದರೆ ಸೂರ್ಯನು ನೆತ್ತಿಯ ಮೇಲೆ ಸುಡುವ ಸ್ಥಳವೆಂದು ಹಿಂದಿನ ವಾರವಷ್ಟೇ ಅವರೇ ಕಲಿಸಿದ್ದರು. ಮಾಷ್ಟ್ರು ಸಿಟ್ಟಾಗಲಿಲ್ಲ. “ನಗುವುದು ತಪ್ಪಲ್ಲ, ಲಂಡನಿನ ವಿದ್ವಾಂಸರೇ ನಕ್ಕಿದ್ದರು. ನಿಮ್ಮಲ್ಲಿ ಯಾರಾದರೊಬ್ಬರು ಮುಂದೆ ಹೋಗಿ ನೋಡಿ ಬಂದು ನನಗೆ ಹೇಳಿ” ಎಂದರು. ಅನಂತರ ಹಲಗೆಯ ಮೂಲೆಯಲ್ಲಿ ಒಂದು ಕಳೆಯುವ ಲೆಕ್ಕ ಮಾಡಿಸಿದರು. ಸಾವಿರ ಮೀಟರ್ ಎತ್ತರಕ್ಕೆ ಹೋದಂತೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಸಮುದ್ರತೀರದಲ್ಲಿ 30 ಡಿಗ್ರಿ ಇದ್ದರೆ ಐದು ಸಾವಿರ ಮೀಟರಿನಲ್ಲಿ ಎಷ್ಟು? ಉತ್ತರವು ಸೊನ್ನೆಗಿಂತ ಕೆಳಗೆ ಬಂದಾಗ ನಗು ನಿಂತಿತು.

ಲಂಡನಿನ ವಿದ್ವಾಂಸರು ನಕ್ಕ ಕಥೆ ನಮ್ಮ ಕರಾವಳಿಗೂ ಸ್ವಲ್ಪ ಸಂಬಂಧಿಸಿದ್ದೆಂಬುದು ನನಗೆ ಬಹಳ ವರ್ಷಗಳ ಬಳಿಕ ತಿಳಿಯಿತು. 1849ರ ಡಿಸೆಂಬರ್ 3ರಂದು ಲುಡ್ವಿಗ್ ಕ್ರಾಫ್ ಎಂಬ ಜರ್ಮನ್ ಪಾದ್ರಿ ಪೂರ್ವ ಆಫ್ರಿಕಾದ ಕಿಟುಯಿ ಎಂಬಲ್ಲಿಂದ, ಮೋಡ ಸರಿದ ಕೆಲವೇ ಗಳಿಗೆ, ಬಿಳಿಯ ವಸ್ತು ಹೊದ್ದ ಎರಡು ಕೊಂಬುಗಳಂತಹ ಶಿಖರಗಳನ್ನು ಕಂಡರು. ಅದರ ಹಿಂದಿನ ವರ್ಷ ಅವರ ಸಹೋದ್ಯೋಗಿ ರೆಬ್ಮನ್ ಕಿಲಿಮಂಜಾರೋ ಪರ್ವತದ ಹಿಮವನ್ನು ಕಂಡಿದ್ದರು. ಇಬ್ಬರ ವರದಿಯನ್ನೂ ಕೂಲಿ ಎಂಬ ಭೂಗೋಳಜ್ಞರು ಲಂಡನಿನಲ್ಲಿ ಕುಳಿತೇ ಅಲ್ಲಗಳೆದರು. 1883ರಲ್ಲಿ ಜೋಸೆಫ್ ಥಾಮ್ಸನ್ ಪರ್ವತವನ್ನು ಕಂಡು ದೃಢಪಡಿಸುವವರೆಗೂ, 1887ರಲ್ಲಿ ಹಂಗೇರಿಯ ಟೆಲೆಕಿ ಅದರ ಇಳಿಜಾರನ್ನು ಏರುವವರೆಗೂ ಕ್ರಾಫರ ಮಾತಿಗೆ ಪೂರ್ಣ ಬೆಲೆ ಬರಲಿಲ್ಲ. ಈ ಕ್ರಾಫ್ ಮತ್ತು ರೆಬ್ಮನ್ ಇಬ್ಬರೂ ಕಲಿತದ್ದು ಬಾಸೆಲ್ ಮಿಷನ್ನಿನ ವಿದ್ಯಾಲಯದಲ್ಲಿ. 1834ರಲ್ಲಿ ಮಂಗಳೂರಿಗೆ ಬಂದು ಮುದ್ರಣಾಲಯವನ್ನೂ ಹೆಂಚಿನ ಕಾರ್ಖಾನೆಯನ್ನೂ ತೆರೆದ ಅದೇ ಮಿಷನ್ ಅದು. ಅದೇ ಮಿಷನ್ನಿನ ಗುಂಡರ್ಟರು ಮಲಯಾಳಕ್ಕೆ 1872ರಲ್ಲಿ, ಕಿಟ್ಟೆಲರು ಕನ್ನಡಕ್ಕೆ 1894ರಲ್ಲಿ ನಿಘಂಟು ಕೊಟ್ಟರು. ಕ್ರಾಫರು ಸ್ವಾಹಿಲಿ ಭಾಷೆಗೆ ರಚಿಸಿದ ನಿಘಂಟು ಅವರ ಮರಣಾನಂತರ 1882ರಲ್ಲಿ ಪ್ರಕಟವಾಯಿತು. ಕಿಟ್ಟೆಲರ ನಿಘಂಟನ್ನು ಕಪಾಟಿನಲ್ಲಿಟ್ಟುಕೊಂಡ ನಮಗೆ ಕ್ರಾಫರು ತೀರ ಪರಕೀಯರಲ್ಲ.

ಆ ಚುಕ್ಕೆಯ ಹೆಸರು ಕೆನ್ಯಾ ಪರ್ವತ. ಕಂಬ ಜನರು ಅದನ್ನು ಕರೆಯುತ್ತಿದ್ದ ಹೆಸರಿಗೆ ಉಷ್ಟ್ರಪಕ್ಷಿಯ ನೆಲೆ ಎಂಬ ಅರ್ಥ ಹೇಳುತ್ತಾರೆ. ಕಪ್ಪು ಬಂಡೆ ಮತ್ತು ಬಿಳಿಯ ಹಿಮ ಸೇರಿದ ಶಿಖರವು ಗಂಡು ಉಷ್ಟ್ರಪಕ್ಷಿಯ ಪುಕ್ಕದಂತೆ ತೋರಿತಂತೆ. 1920ರಲ್ಲಿ ವಸಾಹತಿಗೆ ಹೆಸರಿಡುವಾಗ ಬ್ರಿಟಿಷರು ಪರ್ವತದ ಹೆಸರನ್ನೇ ದೇಶಕ್ಕೂ ಇಟ್ಟರು. ತಪ್ಪಲಿನ ಕಿಕುಯು ಜನರಿಗೆ ಅದು ಕಿರಿನ್ಯಾಗ. ಅವರ ದೇವರಾದ ಙಾಯಿ ನೆಲೆಸುವ ಸ್ಥಾನ. ಹಿಂದೆ ಅವರು ಮನೆಯ ಬಾಗಿಲನ್ನು ಪರ್ವತಕ್ಕೆ ಮುಖಮಾಡಿ ಇಡುತ್ತಿದ್ದರು.

2019ರ ಫೆಬ್ರವರಿಯಲ್ಲಿ ನಾನು ಅಲ್ಲಿಗೆ ಹೋಗುವಂತಾದುದು ಮಗಳ ದೆಸೆಯಿಂದ. ಅವಳು ಆಗ ನೈರೋಬಿಯಲ್ಲಿ ಉದ್ಯೋಗದಲ್ಲಿದ್ದಳು. “ಅಪ್ಪಾ, ನಿಮ್ಮ ಮಾಷ್ಟ್ರ ಹಿಮ ಇಲ್ಲಿಂದ ಒಂದು ದಿನದ ದಾರಿ” ಎಂದು ಅವಳು ದೂರವಾಣಿಯಲ್ಲಿ ಹೇಳಿದಾಗ ನನಗೆ ಐವತ್ತಮೂರು ವರ್ಷ. ಅದುವರೆಗೆ ನಾನು ಹತ್ತಿದ್ದ ಅತಿ ಎತ್ತರದ ಸ್ಥಳ 1,712 ಮೀಟರಿನ ಕುಮಾರಪರ್ವತ. ನೈರೋಬಿಯಿಂದ ಉತ್ತರಕ್ಕೆ ಹೋಗಿ ನನ್ಯುಕಿ ಎಂಬ ಊರಿನಲ್ಲಿ ವಾಹನದಿಂದ ಇಳಿದಾಗ, ಬಯಲಿನಲ್ಲಿ ನಿಂತುಕೊಂಡೇ ಕುಮಾರಪರ್ವತದ ತುದಿಗಿಂತ ಎತ್ತರದಲ್ಲಿದ್ದೇನೆಂದು ತಿಳಿದು ಸ್ವಲ್ಪ ಅಹಂಕಾರವೂ ಬಂತು.

ಭೂಮಧ್ಯರೇಖೆ ಹಾದುಹೋಗುವುದು ಈ ನನ್ಯುಕಿಯಲ್ಲಿಯೇ. ರಸ್ತೆಯ ಬದಿಗೆ ಹಳದಿ ಫಲಕವಿದೆ. ಅಲ್ಲೊಬ್ಬರು ತೂತು ಮಾಡಿದ ಬೋಗುಣಿಯಲ್ಲಿ ನೀರು ತುಂಬಿ, ಕಡ್ಡಿಯೊಂದನ್ನು ತೇಲಿಬಿಟ್ಟು, ಗೆರೆಯ ಉತ್ತರಕ್ಕೆ ಇಪ್ಪತ್ತು ಹೆಜ್ಜೆ ನಡೆದರೆ ನೀರು ಒಂದು ಕಡೆಗೂ ದಕ್ಷಿಣಕ್ಕೆ ನಡೆದರೆ ಇನ್ನೊಂದು ಕಡೆಗೂ ಸುತ್ತಿ ಇಳಿಯುವುದನ್ನು ತೋರಿಸಿದರು. ಪ್ರವಾಸಿಗಳೆಲ್ಲರೂ ಚಪ್ಪಾಳೆ ತಟ್ಟಿದರು. ಭೂಮಿಯ ತಿರುಗುವಿಕೆಯಿಂದ ಗಾಳಿಯೂ ಸಮುದ್ರದ ಪ್ರವಾಹವೂ ಉತ್ತರಾರ್ಧಗೋಳದಲ್ಲಿ ಬಲಕ್ಕೆ, ದಕ್ಷಿಣದಲ್ಲಿ ಎಡಕ್ಕೆ ಬಾಗುವುದು ನಿಜ. ನಮ್ಮ ಮುಂಗಾರು ನೈಋತ್ಯದಿಂದ ಬರುವುದೇ ಅದರಿಂದ. ಆದರೆ ಆ ಪರಿಣಾಮ ನೂರಾರು ಕಿಲೋಮೀಟರ್ ಸಾಗುವ ಗಾಳಿಗೆ ತಟ್ಟುತ್ತದೆಯೇ ಹೊರತು ಬೋಗುಣಿಯ ನೀರಿಗೆ ತಟ್ಟುವುದಿಲ್ಲ, ಅದೂ ಗೆರೆಯಿಂದ ಇಪ್ಪತ್ತು ಹೆಜ್ಜೆಯಲ್ಲಿ. ನೀರು ಸುತ್ತುವುದು ಬೋಗುಣಿಯನ್ನು ತಿರುಗಿಸಿ ಇಡುವ ಕೈಚಳಕದಿಂದ. ಇದನ್ನು ಅಲ್ಲಿಯೇ ವಿವರಿಸಹೊರಟ ನನ್ನನ್ನು ಮಗಳು, “ಪಾಠ ಬೇಡ ಅಪ್ಪಾ, ಹಣ ಕೊಡಿ” ಎಂದು ತಡೆದಳು.

ಪರ್ವತದ ನೆತ್ತಿಯಿರುವುದು ಈ ಗೆರೆಯಿಂದ ದಕ್ಷಿಣಕ್ಕೆ ಹದಿನಾರು-ಹದಿನೇಳು ಕಿಲೋಮೀಟರಿನಷ್ಟೇ ದೂರದಲ್ಲಿ. ಅದು ಇಪ್ಪತ್ತಾರು ಲಕ್ಷ ವರ್ಷಗಳಿಗೂ ಹಿಂದೆ ನಂದಿಹೋದ ಜ್ವಾಲಾಮುಖಿ. ಒಂದು ಕಾಲದಲ್ಲಿ ಆರು ಸಾವಿರ ಮೀಟರಿಗೂ ಮಿಕ್ಕಿ ಎತ್ತರವಿದ್ದ ಅದರ ಬಾಯಿಯನ್ನು ಹಿಮನದಿಗಳು ಕೊರೆದು ಕೊರೆದು ಸವೆಸಿದವು. ಒಳಗೆ ಗಟ್ಟಿಯಾಗಿದ್ದ ಶಿಲಾರಸದ ಬೆಣೆ ಮಾತ್ರ ಉಳಿಯಿತು. ಆ ಬೆಣೆಯೇ ಇಂದಿನ ಅವಳಿ ಶಿಖರಗಳು: 5,199 ಮೀಟರಿನ ಬಟಿಯನ್, 5,188 ಮೀಟರಿನ ನೆಲಿಯನ್. ಇವೆರಡನ್ನು ಹಗ್ಗ ಕಟ್ಟಿ ಬಂಡೆಯೇರಬಲ್ಲವರು ಮಾತ್ರ ಮುಟ್ಟಬಹುದು. 1899ರಲ್ಲಿ ಬಟಿಯನನ್ನು ಮೊದಲಿಗೆ ಏರಿದ ಮ್ಯಾಕಿಂಡರ್ ಆಕ್ಸ್‌ಫರ್ಡಿನ ಭೂಗೋಳದ ಅಧ್ಯಾಪಕರಾಗಿದ್ದರೆಂಬುದು ನಮ್ಮ ವೃತ್ತಿಯವರಿಗೆ ಹೆಮ್ಮೆಯ ವಿಷಯ. ನಮ್ಮಂತಹ ನಡೆಯುವವರ ಗುರಿ ಮೂರನೆಯದಾದ ಲೆನಾನಾ, 4,985 ಮೀಟರ್. 1963ರ ಡಿಸೆಂಬರ್ 12ರಂದು, ಸ್ವಾತಂತ್ರ್ಯದ ದಿನ, ಕಿಸೊಯಿ ಮುನ್ಯಾವೊ ಎಂಬ ಆರೋಹಿ ಕೆನ್ಯಾದ ಹೊಸ ಧ್ವಜವನ್ನು ಹಾರಿಸಿದ್ದು ಈ ಲೆನಾನಾದ ಮೇಲೆ.

1949ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ 715 ಚದರ ಕಿಲೋಮೀಟರ್. ಸುತ್ತ ಮೀಸಲು ಅರಣ್ಯ. 1997ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಒಳಗೆ ಹೋಗಲು ಹಲವು ದಾರಿಗಳಿವೆ. ಪೂರ್ವದ ಚೊಗೋರಿಯ ದಾರಿ ಅತಿ ಸುಂದರವೆಂದೂ, ಉತ್ತರದ ಸಿರಿಮೊನ್ ದಾರಿ ನಿಧಾನವಾಗಿ ಏರುವುದೆಂದೂ, ಪಶ್ಚಿಮದ ನಾರೊ ಮೊರು ದಾರಿ ಅತಿ ಬೇಗ ಮೇಲಕ್ಕೆ ಒಯ್ಯುವುದೆಂದೂ ಪ್ರತೀತಿ. ಮಗಳಿಗೆ ರಜೆ ಕಡಿಮೆಯೆಂಬ ನೆಪದಿಂದ ನಾರೊ ಮೊರುವನ್ನು ಆರಿಸಿದವನು ನಾನು. ನಮ್ಮ ಮಾರ್ಗದರ್ಶಿ ನಲುವತ್ತರ ಪ್ರಾಯದ ಕಿಕುಯು. ಜತೆಗೆ ಒಬ್ಬ ಸಹಾಯಕ ಮತ್ತು ಸಾಮಾನು ಹೊರುವ ಇಬ್ಬರು. ಮೊದಲ ರಾತ್ರಿಯ ತಂಗುದಾಣದಲ್ಲಿ ಎರಡು ರಾತ್ರಿ ಇರೋಣವೆಂದು ಅವರು ಸೂಚಿಸಿದರು. ಒಂದು ಸಾಕೆಂದೆ.

2,400 ಮೀಟರಿನ ದ್ವಾರದಿಂದ 3,050 ಮೀಟರಿನ ಹವಾಮಾನ ಠಾಣೆಯವರೆಗೆ ಕಾಡಿನ ದಾರಿ. ಮೊದಲು ದೊಡ್ಡ ಮರಗಳು, ಬಳಿಕ ಒತ್ತಾದ ಬಿದಿರು, ಅದು ಮುಗಿದೊಡನೆ ಪಾಚಿ ಜೋತುಬಿದ್ದ ಹಗೀನಿಯಾ ಮರಗಳು. ಪದರ ಬದಲಾಗುವುದು ಎಷ್ಟು ಸ್ಪಷ್ಟವೆಂದರೆ, ಯಾರೋ ಹಗ್ಗ ಹಿಡಿದು ಬೇಲಿ ಹಾಕಿದಂತೆ ಕಾಣುತ್ತದೆ. ಸಮತಟ್ಟಾದ ನೆಲದಲ್ಲಿ ಭೂಮಧ್ಯರೇಖೆಯಿಂದ ಧ್ರುವದ ಕಡೆಗೆ ಸಾವಿರಾರು ಕಿಲೋಮೀಟರ್ ಪಯಣಿಸಿದರೆ ಕಾಣುವ ಬದಲಾವಣೆಯನ್ನು ಇಲ್ಲಿ ಮೂರು ದಿನ ಮೇಲಕ್ಕೆ ನಡೆದು ಕಾಣಬಹುದು ಎಂದು ಪಾಠಪುಸ್ತಕ ಹೇಳುತ್ತದೆ. ಅದು ಅರ್ಧ ಸತ್ಯ. ಉಳಿದರ್ಧ ಮುಂದೆ ಬರುತ್ತದೆ.

ಕಾಡಿನಲ್ಲಿ ನಮಗೆ ಕಂಡ ಮೊದಲ ನಿವಾಸಿ ಕಪ್ಪು-ಬಿಳುಪಿನ ಕೊಲೊಬಸ್ ಕೋತಿ. ಹೆಗಲಿನಿಂದ ಇಳಿಬಿದ್ದ ಬಿಳಿಯ ಕೂದಲು ಅದು ಹಾರುವಾಗ ಶಾಲಿನಂತೆ ಬಿಚ್ಚಿಕೊಳ್ಳುತ್ತದೆ. ಕೈಯಲ್ಲಿ ಹೆಬ್ಬೆರಳು ಇಲ್ಲವೆನ್ನುವಷ್ಟು ಚಿಕ್ಕದು. ಎಲೆ ತಿಂದು ಜೀರ್ಣಿಸಿಕೊಳ್ಳುವ ಈ ಕುಲಕ್ಕೆ ಸೇರಿದ್ದೇ ನಮ್ಮ ಮುಸುವ. ಆನೆಯನ್ನು ನಾವು ಕಾಣಲಿಲ್ಲ. ದಾರಿಯ ನಡುವೆ ಹಬೆಯಾಡುತ್ತಿದ್ದ ಲದ್ದಿಯನ್ನು ಕಂಡೆವು. ಮಾರ್ಗದರ್ಶಿ ಕೈಯೆತ್ತಿ ನಮ್ಮನ್ನು ನಿಲ್ಲಿಸಿ, ಬಿದಿರಿನ ಸದ್ದು ದೂರವಾಗುವವರೆಗೆ ಕಾಲು ಗಂಟೆ ಮಾತಿಲ್ಲದೆ ನಿಂತರು. ಈ ಬಿದಿರು ಕಾಡಿನಲ್ಲಿಯೇ ಬೊಂಗೊ ಎಂಬ, ಕಂದು ಮೈಯ ಮೇಲೆ ಬಿಳಿಯ ಪಟ್ಟೆಗಳುಳ್ಳ ದೊಡ್ಡ ಕಾಡುಜಿಂಕೆ ಇತ್ತು. ಕಾಡಿನಲ್ಲಿ ಸ್ವತಂತ್ರವಾಗಿ ಉಳಿದವು ಇಡೀ ಕೆನ್ಯಾದಲ್ಲಿ ನೂರಕ್ಕೂ ಕಡಿಮೆ. ಸಾಕಿ ಬೆಳೆಸಿದ ಕೆಲವನ್ನು 2022ರಿಂದ ಪರ್ವತದ ತಪ್ಪಲಿನ ಕಾಡಿಗೆ ಮರಳಿ ಬಿಡಲಾಗುತ್ತಿದೆ.

ಆನೆಯ ವಿಷಯದಲ್ಲಿ ಇನ್ನೊಂದು ಮಾತು. ಪರ್ವತದ ಸುತ್ತ ಗೋಧಿ, ಆಲೂಗಡ್ಡೆ, ಚಹಾ ಬೆಳೆಯುವ ಕೃಷಿಕರಿದ್ದಾರೆ. ಆನೆಗೂ ಅವರಿಗೂ ಇರುವ ತಕರಾರು ನಮ್ಮ ದೇಲಂಪಾಡಿ, ಮುಳಿಯಾರು ಕಡೆಯ ಕೃಷಿಕರಿಗೆ ವಿವರಿಸಿ ಹೇಳಬೇಕಾಗಿಲ್ಲ. ಅಲ್ಲಿ ಉತ್ತರದ ಬಯಲಿಗೂ ಪರ್ವತದ ಕಾಡಿಗೂ ನಡುವೆ ಆನೆಗಳ ಹಳೆಯ ದಾರಿಗೆ ಬೇಲಿಗಳೂ ಹೆದ್ದಾರಿಯೂ ಅಡ್ಡಬಂದಿದ್ದವು. ಬೇಲಿಗಳ ನಡುವೆ ಒಂದು ಓಣಿಯನ್ನು ಬಿಟ್ಟು, ಹೆದ್ದಾರಿಯ ಅಡಿಯಲ್ಲಿ ಆನೆಗಳಿಗೆಂದೇ ಒಂದು ಸುರಂಗದಾರಿಯನ್ನು ಕಟ್ಟಿದರು. ಅದನ್ನು 2011ರಲ್ಲಿ ತೆರೆದರು. ಆನೆ ಅದರೊಳಗೆ ಹೋಗುವುದೇ ಎಂದು ಸಂಶಯಪಟ್ಟವರಿದ್ದರು; ಕೆಲವೇ ದಿನಗಳಲ್ಲಿ ಒಂದು ಸಲಗ ಹೋಗಿ ತೋರಿಸಿತು.

ಎರಡನೆಯ ದಿನ ಮರಗಳ ಮಿತಿಯನ್ನು ದಾಟಿದೊಡನೆ ಎದುರಾದುದು ನಾರೊ ಮೊರು ದಾರಿಯ ಕುಪ್ರಸಿದ್ಧ ಕೆಸರು. ಇಂಗ್ಲಿಷಿನವರು ಅದಕ್ಕಿಟ್ಟ ಹೆಸರಿನ ಅರ್ಥ ‘ನೆಟ್ಟಗೆ ನಿಂತ ಜೌಗು’. ನಮ್ಮವರಿಗೆ ಅರ್ಥವಾಗುವಂತೆ ಹೇಳುವುದಾದರೆ, ಕಂಬಳದ ಗದ್ದೆಯನ್ನು ಎತ್ತಿ ಗೋಡೆಗೆ ಒರಗಿಸಿಟ್ಟ ಹಾಗೆ. ಹುಲ್ಲಿನ ಗುಡ್ಡೆಯಿಂದ ಗುಡ್ಡೆಗೆ ಹಾರಬೇಕು. ತಪ್ಪಿದರೆ ಮೊಣಕಾಲಿನವರೆಗೆ ಹೂತುಹೋಗುತ್ತದೆ. ಮಾರ್ಗದರ್ಶಿ ಹಿಂದಿನಿಂದ “ಪೋಲೆ, ಪೋಲೆ” ಎನ್ನುತ್ತಿದ್ದರು. ಮೊದಲಿಗೆ ನನ್ನನ್ನು ಪೋಲಿ ಎಂದು ಬೈಯುತ್ತಿದ್ದಾರೇನೋ ಎನಿಸಿತು. ಸ್ವಾಹಿಲಿಯಲ್ಲಿ ಅದರ ಅರ್ಥ ‘ನಿಧಾನ, ನಿಧಾನ’. ಆ ಭಾಷೆಯಲ್ಲಿ ಹಿಮಕ್ಕೆ ‘ಬರಾಫು’ ಎಂಬ ಮಾತಿದೆ. ಪಾರಸಿಯ ಬರ್ಫು ಸಮುದ್ರ ದಾಟಿ ಅಲ್ಲಿಗೂ ತಲುಪಿದೆ. ಚಾಯ್, ಚಪಾತಿ ಎಂಬ ಮಾತುಗಳೂ ಅಲ್ಲಿ ಮನೆಮಾತುಗಳೇ. 1896ರಿಂದ 1901ರವರೆಗೆ ಮೊಂಬಾಸದಿಂದ ರೈಲುಹಾದಿ ಹಾಕಲು ಭಾರತದಿಂದ ಹೋದ ಮೂವತ್ತು ಸಾವಿರಕ್ಕೂ ಮಿಕ್ಕಿದ ಕೂಲಿಕಾರರಲ್ಲಿ ಸುಮಾರು ಎರಡೂವರೆ ಸಾವಿರ ಮಂದಿ ಅಲ್ಲಿಯೇ ಮಡಿದರು.

ದಿಬ್ಬವನ್ನೇರಿ ಟೆಲೆಕಿ ಕಣಿವೆಯನ್ನು ಮೊದಲ ಬಾರಿಗೆ ನೋಡಿದಾಗ ನಾವಿಬ್ಬರೂ ಮಾತು ನಿಲ್ಲಿಸಿದೆವು. ಕಣಿವೆಯ ತುಂಬ, ಆಳೆತ್ತರ ಎರಡಾಳೆತ್ತರದ ಮರಗಳಂತಹ ಗಿಡಗಳು ಗುಂಪುಗುಂಪಾಗಿ ನಿಂತಿದ್ದವು. ಒಣಗಿದ ಎಲೆಗಳನ್ನು ಉದುರಿಸದೆ ಕಾಂಡಕ್ಕೆ ಕಂಬಳಿಯಂತೆ ಸುತ್ತಿಕೊಂಡು, ತಲೆಯ ಮೇಲೆ ಮಾತ್ರ ಹಸುರು ಎಲೆಗಳ ಕಿರೀಟ. ಇವು ದೈತ್ಯ ಸೆನೇಸಿಯೊಗಳು. ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದವು. ಅವುಗಳ ನಡುನಡುವೆ ಕಂಬಗಳಂತೆ ನಿಂತವು ದೈತ್ಯ ಲೊಬೀಲಿಯಗಳು. ಈ ಲೊಬೀಲಿಯದ ಕುಲ ನಮಗೆ ಹೊಸತಲ್ಲ. ಪಶ್ಚಿಮ ಘಟ್ಟದ ಹುಲ್ಲುಗುಡ್ಡಗಳಲ್ಲಿ ಆಳೆತ್ತರ ಬೆಳೆದು ಬಿಳಿಯ ಹೂ ಬಿಡುವ, ಜನರು ಕಾಡುಹೊಗೆಸೊಪ್ಪು ಎನ್ನುವ ಗಿಡ ಅದರ ಹತ್ತಿರದ ಸಂಬಂಧಿ.

ಪಾಠಪುಸ್ತಕದ ಅರ್ಧ ಸತ್ಯ ಎಂದೆನಷ್ಟೆ. ಧ್ರುವದ ಕಡೆಯ ನಾಡಿನಲ್ಲಿ ಚಳಿಗಾಲವೆಂದರೆ ವರ್ಷಕ್ಕೊಮ್ಮೆ ಬರುವ ಋತು; ಗಿಡ ಎಲೆಯುದುರಿಸಿ ತಿಂಗಳುಗಟ್ಟಲೆ ಮಲಗಿ, ಬೇಸಿಗೆಯಲ್ಲಿ ಏಳುತ್ತದೆ. ಭೂಮಧ್ಯರೇಖೆಯ ಪರ್ವತದಲ್ಲಿ ಅಂತಹ ಋತುಭೇದವಿಲ್ಲ. ಇಲ್ಲಿ ಪ್ರತಿ ಹಗಲೂ ಬೇಸಿಗೆ, ಪ್ರತಿ ರಾತ್ರಿಯೂ ಚಳಿಗಾಲ. ಈ ವಿಚಾರವನ್ನು ಸ್ವೀಡನಿನ ಸಸ್ಯವಿಜ್ಞಾನಿ ಹೆಡ್‌ಬರ್ಗ್ ಪ್ರತಿಪಾದಿಸಿದರು. ಆದುದರಿಂದ ಗಿಡಕ್ಕೆ ಬೇಕಾದುದು ವರ್ಷದ ನಿದ್ರೆಯಲ್ಲ, ದಿನದಿನದ ರಕ್ಷಣೆ. ಸೂರ್ಯ ಮುಳುಗಿದೊಡನೆ ಸೆನೇಸಿಯೊ ತನ್ನ ಹೊರ ಎಲೆಗಳನ್ನು ಎಳೆಯ ಮೊಗ್ಗಿನ ಮೇಲೆ ಮಡಚಿ ಮುಚ್ಚುತ್ತದೆ, ಬೆಳಗ್ಗೆ ಬಿಚ್ಚುತ್ತದೆ. ಒಂದು ಜಾತಿಯ ಲೊಬೀಲಿಯ ಎಲೆಬಟ್ಟಲಿನಲ್ಲಿ ನೀರನ್ನು ಸಂಗ್ರಹಿಸಿಟ್ಟುಕೊಳ್ಳುತ್ತದೆ. ರಾತ್ರಿ ಆ ನೀರಿನ ಮೇಲ್ಪದರ ಹೆಪ್ಪುಗಟ್ಟಿ ಮುಚ್ಚಳವಾಗುತ್ತದೆ. ಅಡಿಯ ನೀರು ಹೆಪ್ಪುಗಟ್ಟದೆ ಮೊಗ್ಗನ್ನು ಕಾಯುತ್ತದೆ. ಸಂಜೆ ನಾನು ಬೆರಳದ್ದಿ ನೋಡಿದ ಬಟ್ಟಲನ್ನೇ ರಾತ್ರಿ ಎರಡು ಗಂಟೆಗೆ ಟಾರ್ಚು ಹಾಕಿ ನೋಡಿದೆ. ಬೆರಳಿಗೆ ಗಾಜಿನಂತಹ ತಗಡು ತಾಗಿತು.

ಇನ್ನೊಂದು ಜಾತಿ, ಟೆಲೆಕಿಯ ಹೆಸರಿನದು, ಉಣ್ಣೆ ಹೊದ್ದ ಕಂಬದಂತೆ ಕಾಣುತ್ತದೆ. ಹೂಗಳು ಈ ಉಣ್ಣೆಯಂತಹ ಎಸಳುಗಳ ಒಳಗೆ ಅಡಗಿರುತ್ತವೆ. ನೀಳಬಾಲದ, ಹಸುರಾಗಿ ಹೊಳೆಯುವ ಒಂದು ಸೂರಕ್ಕಿ ಅದರೊಳಕ್ಕೆ ಕೊಕ್ಕು ಹಾಕಿ ಮಕರಂದ ಹೀರಿ ಪರಾಗವನ್ನು ಸಾಗಿಸುತ್ತದೆ. ಈ ಲೊಬೀಲಿಯ ದಶಕಗಳ ಕಾಲ ಕೂಡಿಟ್ಟ ಶಕ್ತಿಯನ್ನೆಲ್ಲ ಒಂದೇ ಬಾರಿ ಹೂವಿಗೆ ಸುರಿದು ಸಾಯುತ್ತದೆ. ತುಳುನಾಡಿನ ಶ್ರೀತಾಳೆ ಮರವನ್ನು ಬಲ್ಲವರಿಗೆ ಇದು ಅಚ್ಚರಿಯಲ್ಲ. ಮಗಳಿಗೆ ಹೇಳಿದೆ. ಅವಳು ಶ್ರೀತಾಳೆಯನ್ನು ನೋಡಿರಲಿಲ್ಲ; ಆಫ್ರಿಕಾದ ಗಿಡವನ್ನು ನೋಡಿದ ಮೇಲೆ ಊರಿನ ಮರವನ್ನು ತೋರಿಸಬೇಕಾದ ಕಾಲ ಬಂತು.

4,200 ಮೀಟರಿನಲ್ಲಿರುವ ಮ್ಯಾಕಿಂಡರ್ ತಂಗುದಾಣಕ್ಕೆ ಮಧ್ಯಾಹ್ನ ತಲುಪಿದೆವು. ಮೊಲದಷ್ಟು ದೊಡ್ಡ, ಬಾಲವಿಲ್ಲದ ಹೈರಾಕ್ಸ್‌ಗಳು ಬಂಡೆಗಳ ಮೇಲೆ ಬಿಸಿಲು ಕಾಯುತ್ತಿದ್ದವು. ನೋಡಲು ಹೆಗ್ಗಣದಂತಿದ್ದರೂ ಇವಕ್ಕೆ ಸಮೀಪದ ಬಂಧುಗಳಲ್ಲಿ ಒಂದು ಆನೆ. ಮೇಲೆ ಮೋಡ ಹರಿದು, ಬಟಿಯನ್ ಮತ್ತು ನೆಲಿಯನ್ ನಡುವಿನ ‘ಮಂಜಿನ ಬಾಗಿಲು’ ಎಂಬ ಕಂದಕದ ಕೆಳಗೆ, ಕಪ್ಪು ಬಂಡೆಗೆ ಅಂಟಿದ ಬಿಳಿಯ ತುಂಡೊಂದು ಹೊಳೆಯಿತು. ಮಾಷ್ಟ್ರ ಹಿಮ. ಆಗಲೇ ನನ್ನ ತಲೆ ನೋಯಲು ಆರಂಭವಾಗಿತ್ತು.

ರಾತ್ರಿಯ ಊಟಕ್ಕೆ ಉಗಾಲಿ. ಜೋಳದ ಹಿಟ್ಟಿನ ಮುದ್ದೆ, ಜತೆಗೆ ಸೊಪ್ಪು. ಒಂದು ತುತ್ತು ಇಳಿಯಲಿಲ್ಲ. “ತಲೆನೋವಿದೆಯೇ?” ಎಂದು ಮಾರ್ಗದರ್ಶಿ ಕೇಳಿದರು. ಇಲ್ಲವೆಂದೆ. ನಲುವತ್ತು ವರ್ಷ ಕಾದು ಇಷ್ಟು ಹತ್ತಿರ ಬಂದವನಿಗೆ ಸತ್ಯ ಹೇಳುವ ಧೈರ್ಯವಿರಲಿಲ್ಲ.

ಇಲ್ಲಿ ಒಂದಿಷ್ಟು ವಿವರಣೆ ಅಗತ್ಯ. ಈಗ ನಮ್ಮ ಊರಿನ ಮಕ್ಕಳೂ ಹಿಮಾಲಯಕ್ಕೆ ಚಾರಣ ಹೋಗುತ್ತಿದ್ದಾರೆ. ಎತ್ತರದಲ್ಲಿ ಗಾಳಿಯಲ್ಲಿರುವ ಆಮ್ಲಜನಕದ ಪಾಲು ಕಡಿಮೆಯಾಗುವುದಿಲ್ಲ; ಅದು ಎಲ್ಲೆಡೆಯೂ ಶೇಕಡ 21ರಷ್ಟೇ. ಕಡಿಮೆಯಾಗುವುದು ಗಾಳಿಯ ಒತ್ತಡ. 4,200 ಮೀಟರಿನಲ್ಲಿ ಅದು ಸಮುದ್ರಮಟ್ಟದ ಶೇಕಡ 60ರಷ್ಟು, ಲೆನಾನಾದ ಮೇಲೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಪ್ರತಿ ಉಸಿರಿನಲ್ಲಿ ದೇಹಕ್ಕೆ ದೊರೆಯುವ ಆಮ್ಲಜನಕ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು, ಆದರೆ ದಿನಗಳ ಲೆಕ್ಕದಲ್ಲಿ, ಗಂಟೆಗಳ ಲೆಕ್ಕದಲ್ಲಲ್ಲ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಸ್ಥಳದ ಎತ್ತರವನ್ನು ದಿನಕ್ಕೆ ಸುಮಾರು 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರದೆ ವಿಶ್ರಮಿಸಬೇಕು ಎಂಬುದು ವೈದ್ಯರ ನಿಯಮ. ನಾವು ಒಂದೇ ದಿನದಲ್ಲಿ 1,150 ಮೀಟರ್ ಏರಿ ಮಲಗಿದ್ದೆವು. ಹೀಗೆ ಆತುರಪಟ್ಟವರಲ್ಲಿ ಮೊದಲು ತಲೆನೋವು, ವಾಕರಿಕೆ. ಮುಂದುವರಿದರೆ ಶ್ವಾಸಕೋಶದಲ್ಲಿ ಅಥವಾ ಮೆದುಳಿನಲ್ಲಿ ನೀರು ತುಂಬಿ ಪ್ರಾಣಕ್ಕೇ ಅಪಾಯ. ಪ್ರಾಯ, ದೇಹದಾರ್ಢ್ಯಗಳು ಇದರಿಂದ ಕಾಪಾಡುವುದಿಲ್ಲ. ಬಲಿಷ್ಠರು ಬೇಗ ನಡೆದು ಬೇಗ ಕಾಯಿಲೆ ಬೀಳುವುದೂ ಉಂಟು.

ರಾತ್ರಿ ಎರಡೂವರೆಗೆ ಹೊರಟೆವು. ಸಡಿಲ ಜಲ್ಲಿಯ ಏರು. ಎರಡು ಹೆಜ್ಜೆ ಮುಂದೆ ಇಟ್ಟರೆ ಒಂದು ಹೆಜ್ಜೆ ಹಿಂದೆ ಜಾರುತ್ತದೆ. ಒಂದೂವರೆ ಗಂಟೆಯ ಬಳಿಕ ವಾಂತಿಯಾಯಿತು. ಇನ್ನೂ ಸ್ವಲ್ಪ ದೂರ ನಡೆದೆ. ಕಾಲುಗಳು ನನ್ನ ಮಾತು ಕೇಳುತ್ತಿಲ್ಲವೆಂಬುದು ನನಗಿಂತ ಮೊದಲು ಮಾರ್ಗದರ್ಶಿಗೆ ತಿಳಿಯಿತು. ಒಂದು ಚಪ್ಪಟೆ ಜಾಗದಲ್ಲಿ ನಿಲ್ಲಿಸಿ, ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗುವಂತೆ ನೇರವಾಗಿ ಹತ್ತು ಹೆಜ್ಜೆ ನಡೆಯಲು ಹೇಳಿದರು. ಮಕ್ಕಳ ಆಟದಂತಹ ಪರೀಕ್ಷೆ. ಮೂರನೆಯ ಹೆಜ್ಜೆಗೆ ಬದಿಗೆ ಬಿದ್ದೆ.

“ಮುಗಿಯಿತು. ಈಗಲೇ ಇಳಿಯಬೇಕು” ಎಂದರು ಅವರು. ಬೆಳಗಾಗುವವರೆಗೆ ಕುಳಿತು ನೋಡೋಣವೆಂದು ನಾನು ವಾದಿಸಿದೆನಂತೆ, ನನಗೆ ನೆನಪಿಲ್ಲ. ಮಗಳು ತಾನೂ ಇಳಿಯುತ್ತೇನೆಂದಳು. ಅವಳಿಗೆ ಯಾವ ತೊಂದರೆಯೂ ಇರಲಿಲ್ಲ. ನೈರೋಬಿ ಇರುವುದೇ 1,700 ಮೀಟರಿನಲ್ಲಿ. ವರ್ಷವಿಡೀ ಅಲ್ಲಿ ವಾಸವಾಗಿದ್ದುದು ಅವಳ ನೆರವಿಗೆ ಬಂದಿರಬೇಕು. ಇಳಿಯುವುದೇ ಔಷಧ, ನೀವು ಬಂದರೂ ಮಾಡುವುದೇನಿಲ್ಲ ಎಂದು ಮಾರ್ಗದರ್ಶಿ ಅವಳಿಗೆ ಹೇಳಿದರು. “ನೀನು ಹೋಗು. ಮಾಷ್ಟ್ರಿಗೆ ಹೇಳಬೇಕಾದದ್ದನ್ನು ನೀನು ನೋಡಿ ಬಾ” ಎಂದೆ. ಅವಳು ಸಹಾಯಕನೊಡನೆ ಹೊರಟು, ಒಮ್ಮೆ ತಿರುಗಿ ನೋಡಿದಳು. ತಲೆಗೆ ಕಟ್ಟಿದ್ದ ದೀಪದ ಬೆಳಕು ನನ್ನ ಕಣ್ಣಿಗೆ ಬಿತ್ತು; ಮುಖ ಕಾಣಲಿಲ್ಲ.

ಮಾರ್ಗದರ್ಶಿ ನನ್ನ ತೋಳನ್ನು ತಮ್ಮ ಹೆಗಲಿಗೆ ಹಾಕಿಕೊಂಡು ಇಳಿಸಿದರು. ಮ್ಯಾಕಿಂಡರಿನಲ್ಲಿ ನಿಲ್ಲಿಸಲಿಲ್ಲ, ಕೆಸರುಗದ್ದೆಯನ್ನೂ ದಾಟಿಸಿ ಹವಾಮಾನ ಠಾಣೆಯವರೆಗೆ ಕರೆತಂದರು. ಇಳಿದಂತೆಲ್ಲ ತಲೆಯ ಭಾರ ಕಳಚುತ್ತ ಹೋಯಿತು. ಮಧ್ಯಾಹ್ನ ಅವರು ಮತ್ತೆ ಅದೇ ಹತ್ತು ಹೆಜ್ಜೆ ನಡೆಸಿದರು, ಬೀಳದೆ ನಡೆದೆ. ಆಗ ಮಾತ್ರ ಅವರು ಸಿಟ್ಟಾದರು: “ನಿನ್ನೆ ಸಂಜೆ ಕೇಳಿದಾಗ ಹೇಳಬೇಕಿತ್ತು.” ವಿದ್ಯಾರ್ಥಿಗಳಿಗೆ ನಾನು ಹಲವು ಬಾರಿ ಹೇಳಿದ ಮಾತನ್ನು ನಾನೇ ಕೇಳಿಸಿಕೊಂಡೆ.

1943ರಲ್ಲಿ ಈ ತಪ್ಪಲಿನ ಸೆರೆಶಿಬಿರದಿಂದ ಬೆನುಜ್ಜಿ ಮತ್ತು ಇಬ್ಬರು ಇಟಾಲಿಯನ್ ಯುದ್ಧಕೈದಿಗಳು ತಪ್ಪಿಸಿಕೊಂಡು, ಆಹಾರದ ಡಬ್ಬಿಯ ಮೇಲಿನ ಪರ್ವತದ ಚಿತ್ರವನ್ನೇ ನಕ್ಷೆಯಾಗಿಸಿಕೊಂಡು ಏರಿ, ಅವರಲ್ಲಿ ಇಬ್ಬರು ಲೆನಾನಾವನ್ನು ಮುಟ್ಟಿದರು. ಬಳಿಕ ಮೂವರೂ ತಾವಾಗಿಯೇ ಶಿಬಿರಕ್ಕೆ ಮರಳಿ ಶಿಕ್ಷೆ ಅನುಭವಿಸಿದರು. ಹವಾಮಾನ ಠಾಣೆಯ ಜಗಲಿಯಲ್ಲಿ ಮಗಳ ದಾರಿ ಕಾಯುತ್ತ ಕುಳಿತಾಗ ಅವರ ಮೂರನೆಯ ಸಂಗಡಿಗ ನೆನಪಾದ. ಅವನು ಅಸ್ವಸ್ಥನಾಗಿ ಕೆಳಗಿನ ಬಿಡಾರದಲ್ಲಿಯೇ ಉಳಿದಿದ್ದ.

ಮಗಳು ಸಂಜೆಗೆ ಬಂದಳು. ಸೂರ್ಯೋದಯಕ್ಕೆ ಲೆನಾನಾದ ಮೇಲಿದ್ದಳಂತೆ. ಅಡಿಯಲ್ಲಿ ಲೂಯಿಸ್ ಹಿಮನದಿಯ ಚಿತ್ರ ತೆಗೆದು ತಂದಿದ್ದಳು. “ಇದನ್ನು ನದಿಯೆಂದು ಹೇಗೆ ಕರೆಯುತ್ತೀರಿ ಅಪ್ಪಾ?” ಎಂದಳು. ಬೂದುಬಣ್ಣದ ಬಂಡೆಗಳ ನಡುವೆ, ಒಗೆದು ಹಾಸಿದ ಹಳೆಯ ಪಂಚೆಯ ಎರಡು ತುಂಡುಗಳಂತೆ, ಅಂಚು ಕೊಳೆಯಾದ ಮಂಜುಗಡ್ಡೆ.

ಮ್ಯಾಕಿಂಡರರ ಕಾಲದಲ್ಲಿ ಈ ಪರ್ವತದಲ್ಲಿ ಹದಿನೆಂಟು ಹಿಮನದಿಗಳಿದ್ದವು. ಈಗ ಉಳಿದವು ಹತ್ತಕ್ಕೂ ಕಡಿಮೆ, ಅವೂ ಚೂರುಗಳು. ಎಲ್ಲಕ್ಕಿಂತ ದೊಡ್ಡದಾದ ಲೂಯಿಸ್ 1934ರಿಂದ 2010ರೊಳಗೆ ತನ್ನ ಗಾತ್ರದ ಹತ್ತರಲ್ಲಿ ಒಂಬತ್ತು ಪಾಲನ್ನು ಕಳೆದುಕೊಂಡಿತು. ಕಾರಣ ಭೂಮಿಯ ತಾಪವೇರಿಕೆ ಮಾತ್ರವಲ್ಲ. ಪೂರ್ವ ಆಫ್ರಿಕಾದ ಎತ್ತರದ ಗಾಳಿ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಒಣಗುತ್ತ ಬಂದು, ಬೀಳುವ ಹಿಮವೂ ಕಾಯುವ ಮೋಡವೂ ಕಡಿಮೆಯಾದುವು. ಹೀಗೆಯೇ ಮುಂದುವರಿದರೆ 2030ರ ದಶಕದಲ್ಲಿಯೇ ಕೆನ್ಯಾ ಪರ್ವತ ಹಿಮನದಿಯಿಲ್ಲದ ಪರ್ವತವಾಗಬಹುದೆಂದು ವಿಶ್ವ ಹವಾಮಾನ ಸಂಸ್ಥೆ 2021ರಲ್ಲಿ ಪ್ರಕಟಿಸಿದ ವರದಿ ಹೇಳಿದೆ. ಆಗ ತಾನಾ ನದಿ ಬತ್ತುವುದೇ ಎಂದು ಮಗಳು ಕೇಳಿದಳು. ಇಲ್ಲ, ಈ ಪುಟ್ಟ ಹಿಮದ ತುಂಡುಗಳು ನದಿಗೆ ಕೊಡುವ ನೀರು ಅತ್ಯಲ್ಪ. ತಾನಾ ನದಿಯನ್ನೂ ಅದರ ಮೇಲಿನ ವಿದ್ಯುದಾಗಾರಗಳನ್ನೂ ಪೋಷಿಸುವುದು ಮಳೆ, ಮಳೆಯನ್ನು ಹಿಡಿದಿಡುವ ಕಾಡು ಮತ್ತು ನಾನು ಶಪಿಸುತ್ತ ದಾಟಿದ ಆ ಕೆಸರು. ಈ ತಪ್ಪಲಿನ ನ್ಯೇರಿ ಸೀಮೆಯಲ್ಲಿ ಹುಟ್ಟಿದ ವಂಗಾರಿ ಮಾಥಾಯಿಯವರು 1977ರಲ್ಲಿ ಹೆಂಗಸರನ್ನು ಕೂಡಿಸಿ ಗಿಡ ನೆಡುವ ಚಳವಳಿಯನ್ನು ಆರಂಭಿಸಿದುದು ಈ ತಿಳಿವಳಿಕೆಯಿಂದಲೇ. 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯ ಸುದ್ದಿ ಬಂದಾಗ ಅವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಪರ್ವತಕ್ಕೆ ಮುಖಮಾಡಿ ಒಂದು ಗಿಡ ನೆಟ್ಟದ್ದು.

ಊರಿಗೆ ಮರಳಿದಾಗ ವರದಿ ಒಪ್ಪಿಸಲು ಮಾಷ್ಟ್ರು ಇರಲಿಲ್ಲ. ಅವರು ತೀರಿಕೊಂಡು ಹಲವು ವರ್ಷಗಳಾಗಿದ್ದವು. ಮಗಳು ತೆಗೆದ ಚಿತ್ರವನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ನಮ್ಮ ಶಾಲೆಗೆ ಕೊಟ್ಟಿದ್ದೇನೆ. ಭೂಗೋಳದ ನಕ್ಷೆಗಳನ್ನು ತೂಗುಹಾಕಿದ ಕೊಠಡಿಯಲ್ಲಿ, ಕಿಟಕಿಯ ಬಲಗಡೆ ಇದೆ. ಹಿಂಬದಿಯಲ್ಲಿ ತೆಗೆದ ತಾರೀಕು ಮತ್ತು ಹೊತ್ತು, ನಿಂತ ಸ್ಥಳ, ನೋಡಿದ ದಿಕ್ಕು ಇವನ್ನು ಬರೆದಿದ್ದೇನೆ. ಮುಂದೆ ಹೋಗುವವರು ಅದೇ ಜಾಗದಲ್ಲಿ ನಿಂತು ತೆಗೆದ ಇನ್ನೊಂದು ಚಿತ್ರವನ್ನು ತಂದರೆ ಪಕ್ಕದಲ್ಲಿ ತೂಗುಹಾಕಲು ಒಂದು ಮೊಳೆಯನ್ನೂ ಹೊಡೆಸಿದ್ದೇನೆ.